ರಿಲ್ಯಾಕ್ಸ್: ಒಂಬತ್ತನೇ ವಾಕ್ಯದ ಕರಡುಗಳು

೧

ಇದನ್ನು ಎಲ್ಲಿಂದ ಶುರು ಮಾಡಲಿ? ಕೇಳುತ್ತಿರುವುದು ನಿಮ್ಮನ್ನೇ. ನಿಘಂಟಿನಿಂದ ಶುರು ಮಾಡಿದರೆ ಪುಟ ತಿರುಗಿಸುತ್ತೀರಿ. ಮಷೀನಿನಿಂದ ಶುರು ಮಾಡಿದರೆ, ಓ ಆಸ್ಪತ್ರೆ ಕಥೆ, ಅಂತ ಮುಖ ಸಿಂಡರಿಸುತ್ತೀರಿ. ಜಗಳದಿಂದ ಶುರು ಮಾಡಿದರೆ ಕುರ್ಚಿ ಎಳೆದುಕೊಂಡು ಕೂರುತ್ತೀರಿ, ನಾನೂ ಹಾಗೇ. ಅದಕ್ಕೇ ಜಗಳ:

"ಮಾವಾ, ಸ್ವಲ್ಪ ರಿಲ್ಯಾಕ್ಸ್ ಮಾಡಿ!"

"ನೀನೇ ಮೊದ್ಲು ರಿಲ್ಯಾಕ್ಸ್ ಮಾಡು!"

"ನಾನು ರಿಲ್ಯಾಕ್ಸ್ ಆಗೇ ಇದೀನಿ, ಮಾವಾ!"

ಕೊನೆಯ ಮಾತು ಎಷ್ಟು ಜೋರಾಗಿತ್ತೆಂದರೆ ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿದ್ದಾಕೆ ಫೋನಿನ ಮೇಲೆ ಕೈ ಮುಚ್ಚಿ ತಲೆ ಎತ್ತಿದರು. ಬೆಂಚಿನ ತುದಿಯಲ್ಲಿ ಕೂತಿದ್ದ ನಾನು ನೋಟ್‌ಬುಕ್ ತೆರೆದು ಮೂರೂ ಸಾಲು ಬರೆದುಕೊಂಡೆ. ಬೇರೆಯವರ ಜಗಳವನ್ನು ಹೀಗೆ ಬರೆದುಕೊಳ್ಳುವುದು ಸರಿಯಲ್ಲ. ಆದರೆ ಆ ಹೊತ್ತಿಗೆ ಆ ಒಂದು ಶಬ್ದದ ಹಿಂದೆ ಬಿದ್ದು ನನಗೆ ಮೂರು ವಾರವಾಗಿತ್ತು.

೨

ನನ್ನ ಕಸುಬು ಅನುವಾದ. ದೊಡ್ಡದೇನಲ್ಲ. ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುವ ಕಾಗದ, ವಾಷಿಂಗ್ ಮಷೀನಿನ ಗ್ಯಾರಂಟಿ ಕಾರ್ಡು, ವಿಮೆ ಕಂಪನಿಯ ಷರತ್ತುಗಳು. (ಯಾರೂ ಓದದ ಲೇಖಕ ಎಂದು ನನ್ನನ್ನು ಕರೆಯಬಹುದು. ಕಥೆ ಬರೆಯಲು ಶುರು ಮಾಡಿದ ಮೇಲೂ ಆ ಬಿರುದಿಗೇನೂ ಧಕ್ಕೆ ಬಂದಿಲ್ಲ.)

ಸ್ಕ್ಯಾನಿಂಗ್ ಸೆಂಟರಿನ ಮ್ಯಾನೇಜರು ಹದಿನಾಲ್ಕು ವಾಕ್ಯ ಕೊಟ್ಟರು. ದೊಡ್ಡ ಕೊಳವೆಯಂಥ ಮಷೀನಿನೊಳಗೆ ಮಲಗಿದವರಿಗೆ ಹೆಡ್‌ಫೋನಿನಲ್ಲಿ ಕೇಳಿಸುವ ವಾಕ್ಯಗಳು. ಇಲ್ಲಿಯವರೆಗೆ ಇಂಗ್ಲಿಷಿನಲ್ಲಿದ್ದವು, ಇನ್ನು ಕನ್ನಡದಲ್ಲಿ ಬೇಕು. ಉಸಿರು ಬಿಗಿಹಿಡಿಯಿರಿ. ಉಸಿರಾಡಿ. ತಲೆ ಅಲುಗಿಸಬೇಡಿ. ಹದಿಮೂರು ವಾಕ್ಯ ಒಂದೇ ಮಧ್ಯಾಹ್ನದಲ್ಲಿ ಮುಗಿದವು. ಒಂಬತ್ತನೆಯದು ಉಳಿಯಿತು. ಪ್ಲೀಸ್ ರಿಲ್ಯಾಕ್ಸ್. ಎರಡೇ ಶಬ್ದ.

"ರಿಲ್ಯಾಕ್ಸ್ ಅಂತಲೇ ಇಟ್ಬಿಡಿ, ಎಲ್ರಿಗೂ ಅರ್ಥ ಆಗುತ್ತೆ" ಎಂದೆ.

"ಅದಕ್ಕೆ ನೀವು ಯಾಕೆ ಬೇಕು?" ಎಂದರು ಮ್ಯಾನೇಜರು. ನ್ಯಾಯವಾದ ಪ್ರಶ್ನೆ.

೩

ಮಷೀನು ನಡೆಸುವ ಟೆಕ್ನಿಷಿಯನ್ ಒಬ್ಬ ಮಹಿಳೆ, ಹತ್ತಿರಹತ್ತಿರ ನಲವತ್ತು. ಮೊದಲ ಕರಡಿನಲ್ಲಿ 'ಅವಳು' ಎಂದು ಬರೆದಿದ್ದೆ. ಚಹಾ ಹೊತ್ತಿನಲ್ಲಿ ಆ ಹಾಳೆ ಓದಿದರು. "ಡಾಕ್ಟರು 'ಅವರು', ಮ್ಯಾನೇಜರು 'ಅವರು', ನಾನು ಮಾತ್ರ 'ಅವಳು' ಯಾಕೆ?" ಎಂದು ಕೇಳಿದರು. ಹಾಳೆ ವಾಪಸ್ ತೊಗೊಂಡು ತಿದ್ದಿದೆ. ಆವತ್ತಿನಿಂದ ಅವರು 'ಅವರು'.

ನನ್ನ ಪದಗಳನ್ನು ಬಂದವರ ಮೇಲೆ ಪ್ರಯೋಗಿಸಿದ್ದು ಅವರೇ. ಗಾಜಿನ ಈಚೆ ಕೂತು, ಮೈಕಿನಲ್ಲಿ, ದಿನಕ್ಕೊಂದು ಪದ.

ವಿಶ್ರಮಿಸಿ. ಆ ದಿನ ಒಳಗಿದ್ದವರು ನಿವೃತ್ತ ಡ್ರಿಲ್ ಮಾಸ್ತರು. ಮೈಕಿನಲ್ಲಿ ಆಜ್ಞೆ ಬಂದ ಕೂಡಲೇ ಮಲಗಿದಲ್ಲೇ ಕಾಲು ಅಗಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಲು ಹೋದರು. ಮಂಡಿಯ ಚಿತ್ರ ಪೂರ್ತಿ ಹಾಳು.

ಸಡಿಲ ಬಿಡಿ. "ಏನನ್ನ?" ಎಂದು ಒಳಗಿಂದ ಒಬ್ಬಾಕೆ ಗಾಬರಿಯಲ್ಲಿ ಕೇಳಿದರು.

ಸುಮ್ಮನಿರಿ. "ನಾನೇನ್ ಮಾತಾಡಿದೆ?" ಎಂದು ಇನ್ನೊಬ್ಬರು ಸಿಟ್ಟಾದರು.

ನೆಮ್ಮದಿಯಿಂದಿರಿ. ಇದನ್ನು ಟೆಕ್ನಿಷಿಯನ್ ಹೇಳಲೇ ಒಪ್ಪಲಿಲ್ಲ. "ಆಮೇಲೆ ಬದುಕಿರಲ್ವೇನೋ ಅನ್ಸುತ್ತೆ ಕೇಳಿದ್ರೆ."

ಆರಾಮಾಗಿರಿ ಎಂದಾಗ ಪರವಾಗಿಲ್ಲ ಅನ್ನಿಸಿತ್ತು. ಆದರೆ ಅದು ಕಾಗದದ ಕೊನೆಯಲ್ಲಿ ಬರೆಯುವ ಮಾತು. ಕೇಳಿದ ಹುಡುಗಿ ಮುಗಿಯಿತು ಅಂದುಕೊಂಡು ಏಳಲು ಹೋಗಿ ಹಣೆ ತಾಗಿಸಿಕೊಂಡಳು.

(ನಿಘಂಟಿನಲ್ಲಿ 'ಶಿಥಿಲಗೊಳ್ಳು' ಎಂದೂ ಇತ್ತು. ಹಳೇ ಕಟ್ಟಡಕ್ಕೆ ನೋಟಿಸು ಅಂಟಿಸುವ ಪದ. ಅದನ್ನು ಯಾರಿಗೂ ತೋರಿಸಲಿಲ್ಲ.)

೪

ಇಲ್ಲಿ ಸ್ವಲ್ಪ ವ್ಯಾಕರಣ. ಬೇಸರವಾದರೆ ಐದಕ್ಕೆ ಹೋಗಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂಗ್ಲಿಷಿನ ಕ್ರಿಯಾಪದ ನಮ್ಮಲ್ಲಿಗೆ ಬಂದ ಕೂಡಲೇ ಅದಕ್ಕೊಂದು ಬಾಲ ಬೇಕು. ಮಾಡು, ಇಲ್ಲವೇ ಆಗು. ಫೋನ್ ಮಾಡು. ಲೇಟ್ ಆಗು. ರಿಲ್ಯಾಕ್ಸಿಗೆ ಮಾತ್ರ ಎರಡೂ ಅಂಟಿಕೊಂಡಿವೆ. 'ರಿಲ್ಯಾಕ್ಸ್ ಮಾಡಿ' ಅಂದರೆ ಅದೊಂದು ಕೆಲಸ; ಪಾತ್ರೆ ತೊಳೆದ ಹಾಗೆ, ಬಟ್ಟೆ ಒಗೆದ ಹಾಗೆ, ಮಾಡಿ ಮುಗಿಸಬೇಕು. ಮಾಡದಿದ್ದರೆ ತಪ್ಪು ನಿಮ್ಮದು. 'ರಿಲ್ಯಾಕ್ಸ್ ಆಗಿ' ಅಂದರೆ ಅದು ತಾನಾಗಿ ಆಗುವಂಥದ್ದು; ನಿದ್ದೆ ಬಂದ ಹಾಗೆ. ಆದರೆ ತಾನಾಗಿ ಆಗಬೇಕಾದ್ದನ್ನು 'ಆಗು' ಎಂದು ಗದರಿಸುವುದು ಹೇಗೆ? ನಿದ್ದೆ ಬಾರದವನಿಗೆ ನಿದ್ದೆ ಬರಿಸಿಕೋ ಎಂದರೆ ಅವನು ಎದ್ದು ಕೂರುತ್ತಾನೆ.

ಅಂಗಡಿಯಲ್ಲಿ, ಆಫೀಸಿನಲ್ಲಿ, ಗಂಡ ಹೆಂಡಿರ ನಡುವೆ ಈ ಶಬ್ದ ಕಿವಿಗೆ ಬಿದ್ದಾಗಲೆಲ್ಲ ಗುರುತು ಹಾಕಿಕೊಂಡೆ. ರಿಲ್ಯಾಕ್ಸ್ ಆಗಿರುವವರಿಗೆ ಯಾರೂ ರಿಲ್ಯಾಕ್ಸ್ ಎನ್ನುವುದಿಲ್ಲ. ಹೇಳುವವರಲ್ಲಿ ಹೆಚ್ಚಿನವರು ಹೇಳುವ ಹೊತ್ತಿಗೆ ಹಲ್ಲು ಕಚ್ಚಿರುತ್ತಾರೆ. ಇದನ್ನೆಲ್ಲ ಒಂದು ಪ್ರಬಂಧ ಮಾಡಬಹುದಿತ್ತು. ಮಾಡುವ ಮೊದಲೇ ಮಾವ ಸೊಸೆ ಬಂದರು.

೫

ಮಾವನಿಗೆ ಅರವತ್ತಾರು. ಮೂವತ್ತೊಂದು ವರ್ಷ ಲಿಫ್ಟ್ ಮೆಕ್ಯಾನಿಕ್. ('ಮುದುಕ' ಎಂದು ಬರೆದಿದ್ದ ಕರಡನ್ನು ಅವರೂ ಓದಿದರು, ಪಕ್ಕದಲ್ಲಿ ಕೂತು, ನನ್ನನ್ನು ಕೇಳದೆಯೇ. "ಮುದುಕ ಯಾರು?" ಎಂದರು. ಹರಿದು ಹಾಕಿದೆ.) ಐದು ತಿಂಗಳ ಹಿಂದೆ ಅವರ ಬಲಗಿವಿ ಕೇಳುವುದು ನಿಂತಿತು. ಆಮೇಲೆ ನಡೆಯುವಾಗ ನೆಲ ಒಂದು ಕಡೆ ವಾಲಿದ ಹಾಗಾಗತೊಡಗಿತು. ಕಿವಿಯ ನರದ ಮೇಲೆ ಗಂಟು ಇರಬಹುದು, ಇದ್ದರೆ ಬೇಗ ತೆಗೆಯಬೇಕು, ಇದೆಯೋ ಇಲ್ಲವೋ ಸ್ಕ್ಯಾನ್ ಆಗದೆ ಹೇಳಲಾಗದು ಎಂದಿದ್ದರು ಡಾಕ್ಟರು. ಮಂಪರು ಬರುವ ಔಷಧಿ ಕೊಟ್ಟು ಮಲಗಿಸೋಣವೆಂದರೆ ಇವರ ಶ್ವಾಸಕೋಶ ಗಟ್ಟಿಯಿಲ್ಲ. ಅದು ಬೇಡ ಎಂದೂ ಡಾಕ್ಟರೇ ಹೇಳಿದ್ದರು.

ಸೊಸೆ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಅವಳ ಗಂಡ ಹಡಗಿನ ಕೆಲಸದಲ್ಲಿ, ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆ. ಹಾಗಾಗಿ ಮಾವನ ಕಿವಿ, ಮಾವನ ತಲೆಸುತ್ತು, ಮಾವನ ಹಟ, ಮೂರೂ ಅವಳ ಪಾಲಿಗೆ. ("ನನಗೆ ಬಹುವಚನ ಬೇಡ, ವಯಸ್ಸಾದ ಹಾಗಾಗುತ್ತೆ" ಎಂದು ಅವಳೇ ಹೇಳಿದ್ದರಿಂದ ಈ 'ಅವಳು'. ಟೆಕ್ನಿಷಿಯನ್ ಅವರು ಗಮನಿಸಬೇಕು.)

ತಲೆಯ ಸ್ಕ್ಯಾನಿಗೆ ಮುಖದ ಮೇಲೆ ಒಂದು ಪಂಜರ ಇಡುತ್ತಾರೆ. ಮೊದಲ ಸಲ ಆ ಪಂಜರ ಮುಚ್ಚಿ, ಮಂಚ ಒಳಗೆ ಜಾರಿ, ಇನ್ನೂ ಸದ್ದೇ ಶುರುವಾಗಿರಲಿಲ್ಲ. ಬೇಕಾದರೆ ಒತ್ತಿ ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರ್ ಚೆಂಡನ್ನು ಮೆಕ್ಯಾನಿಕ್ ಅದುಮಿಯೇ ಅದುಮಿದರು. ಗಂಟೆ ಹೊಡೆದುಕೊಂಡಿತು. ಹೊರಗೆ ತೆಗೆದರು.

ಎರಡನೇ ಸಲ ಸೊಸೆಯನ್ನೂ ಒಳಗೆ ಬಿಟ್ಟರು. ಮಷೀನಿನ ಹತ್ತಿರ ಲೋಹ ಬರಬಾರದೆಂದು ಬಳೆ, ಪಿನ್ನು, ಕೂದಲಿನ ಕ್ಲಿಪ್ಪು ಎಲ್ಲ ತೆಗೆದಿಟ್ಟು ಹೋದಳು. ಮಾವನ ಪಾದದ ಬಳಿ ನಿಂತು, ಪಾದ ತಟ್ಟುತ್ತಾ, ರಿಲ್ಯಾಕ್ಸ್ ಮಾವಾ, ರಿಲ್ಯಾಕ್ಸ್ ಮಾವಾ ಎಂದಳು. ಅವಳು ತಟ್ಟಿದ ಹಾಗೆಲ್ಲ ಅವರು ಅಲುಗಿದರು. ಎಂಟು ನಿಮಿಷದ ಚಿತ್ರಗಳು ಮಸಿ ಒರೆಸಿದ ಹಾಗೆ ಬಂದವು. ಒಂಬತ್ತನೇ ನಿಮಿಷಕ್ಕೆ ಮತ್ತೆ ಗಂಟೆ.

ಇವತ್ತು ಮೂರನೇ ಸಲ. ಮೂರನೇ ದಿನದ ರಜೆಗೆ ಹೆಡ್‌ಮಾಸ್ತರು ಮುಖ ಗಂಟಿಕ್ಕಿದ್ದರಂತೆ. ಇವತ್ತೂ ಆಗದಿದ್ದರೆ ಬೇರೆ ಊರಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿ ಸರದಿಗೆ ಎರಡು ತಿಂಗಳು. ಮೇಲೆ ಬರೆದ ಜಗಳ ಇವತ್ತಿನದು.

೭

(ಆರು ಇತ್ತು. ಅದರಲ್ಲಿ ಟೆಕ್ನಿಷಿಯನ್ನರ ಕಣ್ಣಂಚಿನಲ್ಲಿ ನೀರು ಇಣುಕಿತ್ತು. "ಇಣುಕಲಿಲ್ಲ. ನನಗೆ ಇನ್ನೂ ನಾಲ್ಕು ಕೇಸ್ ಇತ್ತು" ಎಂದು ಅವರು ಅಡ್ಡಗೆರೆ ಎಳೆದರು. ಆರು ಹೋಯಿತು.)

ಜಗಳ ಮುಗಿದ ಮೇಲೆ ಸೊಸೆ ಎದ್ದು ನೀರು ಕುಡಿಯಲು ಹೋದಳು. ಟೆಕ್ನಿಷಿಯನ್ ಬಂದು ಮೆಕ್ಯಾನಿಕ್ ಪಕ್ಕ, ಕೇಳುವ ಕಿವಿಯ ಕಡೆ, ಕೂತರು.

"ಸರ್, ಇವತ್ತೇನು ಮಾಡೋಣ?"

"ಮೇಡಂ, ನನಗೆ ಹೆದರಿಕೆ ಅಂತ ಎಲ್ರೂ ಅಂದ್ಕೊಂಡಿದಾರೆ."

"ಹೆದರಿಕೆ ಅಲ್ವಾ?"

"ಹೆದರಿಕೆನೇ." ಅವರು ಪ್ಯಾಂಟಿನ ಮೇಲೆ ಅಂಗೈ ಒರೆಸಿಕೊಂಡರು. "ಆದ್ರೆ ಆ ಮಾತಿದೆಯಲ್ಲ, ರಿಲ್ಯಾಕ್ಸು, ಅದು ಕೇಳಿದ ತಕ್ಷಣ ಜಾಸ್ತಿ ಆಗುತ್ತೆ. ಯಾಕಂದ್ರೆ ನಾನೂ ಅದನ್ನೇ ಹೇಳ್ತಿದ್ದೆ."

ನಾನು ನೋಟ್‌ಬುಕ್ ಮುಚ್ಚಿದೆ. ಕೆಲವು ಮಾತು ಬರೆದುಕೊಂಡು ಕೇಳಿಸಿಕೊಳ್ಳುವಂಥದ್ದಲ್ಲ. (ಆಮೇಲೆ ನೆನಪಿನಿಂದ ಬರೆದೆ. ನಾನೇನು ಮಹಾತ್ಮನಲ್ಲ.)

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಂಟು ಮಹಡಿಯ ಒಂದು ಆಫೀಸು ಕಟ್ಟಡದ ಲಿಫ್ಟು ಕೆಟ್ಟು ನಿಂತಿತ್ತಂತೆ. ಒಳಗೆ ಒಬ್ಬ ಹೆಂಗಸು, ಆ ಆಫೀಸಿನ ಟೈಪಿಸ್ಟ್. ಇವರು ಬಾಗಿಲ ಸಂದಿಗೆ ಬಾಯಿಟ್ಟು, ರಿಲ್ಯಾಕ್ಸ್ ಮೇಡಂ, ಐದೇ ನಿಮಿಷ ಎಂದರು. ಮೇಲೆ ಮಷೀನ್ ರೂಮಿಗೆ ಹೋಗಿ ನೋಡಿದರೆ ಬ್ರೇಕು ಬಿಡಿಸುವ ಹಿಡಿಕೆಯೇ ಇಲ್ಲ. ಯಾರೋ ಒಯ್ದಿದ್ದರು. ಅದನ್ನು ಹುಡುಕಿ ತರುವಷ್ಟರಲ್ಲಿ ಐವತ್ತು ನಿಮಿಷ. ನಡುನಡುವೆ ಓಡಿ ಬಂದು ಸಂದಿಯಲ್ಲಿ ಮತ್ತೆ ಅದೇ: ರಿಲ್ಯಾಕ್ಸ್ ಮೇಡಂ, ಐದೇ ನಿಮಿಷ.

"ಹೊರಗೆ ಬಂದಾಗ ಆಕೆ ಅಳ್ತಾ ಇರ್ಲಿಲ್ಲ. ಬೈಲಿಲ್ಲ. 'ಐದು ನಿಮಿಷ ಅಂದ್ರಲ್ಲ' ಅಂದ್ರು ಅಷ್ಟೇ. ಆಮೇಲೆ ಹನ್ನೆರಡು ವರ್ಷ ಆ ಕಟ್ಟಡದ ಲಿಫ್ಟು ನಾನೇ ನೋಡ್ಕೊಂಡೆ. ಆಕೆ ಒಂದು ದಿನಾನೂ ಹತ್ತಲಿಲ್ಲ. ಏಳು ಮಹಡಿ ಮೆಟ್ಟಿಲು. ಎದುರು ಸಿಕ್ಕಿದ್ರೆ ನಮಸ್ಕಾರ ಹೇಳೋರು. ನಾನು ಪಕ್ಕಕ್ಕೆ ಸರೀತಿದ್ದೆ."

"ಅದರಲ್ಲಿ ನಿಮ್ಮ ತಪ್ಪೇನಿದೆ, ಸರ್?"

"ಹಿಡಿಕೆ ಇಲ್ದಿದ್ದು ನನ್ನ ತಪ್ಪಲ್ಲ. ಸುಳ್ಳು ಹೇಳಿದ್ದು ನನ್ನ ತಪ್ಪು. ಆವತ್ತಿಂದ ಯಾರಿಗೂ ರಿಲ್ಯಾಕ್ಸ್ ಅನ್ಲಿಲ್ಲ. ಏನ್ ನಡೀತಿದೆ ಅದನ್ನ ಹೇಳ್ತಿದ್ದೆ. ಈಗ ಕರೆಂಟ್ ತೆಗೀತೀನಿ, ಕತ್ತಲಾಗುತ್ತೆ. ಈಗ ಚಕ್ರ ತಿರುಗಿಸ್ತೀನಿ, ಸ್ವಲ್ಪ ಜಗ್ಗಿದ ಹಾಗಾಗುತ್ತೆ. ಇಪ್ಪತ್ತು ನಿಮಿಷ ಬೇಕು ಅಂದ್ರೆ ಇಪ್ಪತ್ತು ಅಂತಲೇ. ಜನ ಇಪ್ಪತ್ತು ತಡ್ಕೋತಾರೆ, ಮೇಡಂ. ಸುಳ್ಳು ಐದು ತಡ್ಕೊಳಲ್ಲ."

ಟೆಕ್ನಿಷಿಯನ್ ಗೋಡೆಯ ಗಡಿಯಾರ ನೋಡಿದರು. ಆಮೇಲೆ ಎದ್ದು, "ಬೆಲ್ಟು ತೆಗೀರಿ. ಜೇಬಲ್ಲಿ ಬೀಗದ ಕೈ ಇದ್ರೆ ಅವರ ಕೈಗೆ ಕೊಡಿ" ಎಂದು ನನ್ನ ಕಡೆ ತೋರಿಸಿ ಒಳಗೆ ಹೋದರು.

೮

ಗಾಜಿನ ಈಚೆ ನಾವು ಮೂವರು: ಟೆಕ್ನಿಷಿಯನ್, ಸೊಸೆ, ನಾನು. ಸೊಸೆಗೆ ಒಂದೇ ಷರತ್ತು, ಮೈಕಿನ ಹತ್ತಿರ ಬರಬಾರದು. ಅವಳು ಗೋಡೆಗೆ ಒರಗಿ ಎರಡೂ ಕೈಯನ್ನು ಬಗಲಲ್ಲಿ ಸಿಕ್ಕಿಸಿಕೊಂಡಳು.

"ಸರ್, ಕೇಳಿಸ್ತಿದೆಯಾ? ಎಡಗಿವೀಲಿ?"

"ಕೇಳಿಸ್ತಿದೆ."

"ಒಟ್ಟು ಇಪ್ಪತ್ತಾರು ನಿಮಿಷ. ಏಳು ಭಾಗ. ಮೊದಲನೇದು ಒಂದು ನಿಮಿಷ, ಟಕಟಕ ಅನ್ನುತ್ತೆ. ಈಗ ಶುರು."

ಟಕಟಕ. ನಿಂತಿತು.

"ಮುಗೀತು. ಎರಡನೇದು ನಾಲ್ಕು ನಿಮಿಷ. ಮಂಚ ಸ್ವಲ್ಪ ನಡುಗುತ್ತೆ. ಅದು ಮಷೀನಿಂದು, ನಿಮ್ಮದಲ್ಲ. ಈಗ ಶುರು."

ಪ್ರತಿ ಭಾಗಕ್ಕೂ ಹೀಗೇ. ಅವರ ದನಿ ಮೆತ್ತಗೇನೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಬಸ್ಸಿನ ಹೊತ್ತು ಕೂಗುವವರ ದನಿ. ನಾನು ಪರದೆ ನೋಡಿದೆ. ಬೂದು ಬಣ್ಣದಲ್ಲಿ, ಹೋಳು ಹೋಳಾಗಿ, ಒಬ್ಬ ಮನುಷ್ಯನ ತಲೆ ಮೂಡುತ್ತಿತ್ತು. ಅಂಚು ಸ್ಪಷ್ಟವಾಗಿತ್ತು. ಅಲುಗಾಟವಿರಲಿಲ್ಲ.

ನಾಲ್ಕನೇ ಭಾಗದ ನಡುವೆ ಗಂಟೆ ಹೊಡೆಯಿತು.

ಸೊಸೆ ಗೋಡೆಯಿಂದ ಬೆನ್ನು ಕಿತ್ತಳು. "ಹೋಯ್ತು" ಎಂದಳು, ನಮಗಲ್ಲ, ತನಗೆ ತಾನೇ. ಅವಳ ಮುಖದಲ್ಲಿ ಮೂರು ದಿನದ ರಜೆ, ಹೆಡ್‌ಮಾಸ್ತರು, ಎರಡು ತಿಂಗಳ ಸರದಿ ಎಲ್ಲ ಒಟ್ಟಿಗೆ ಕಂಡವು. ಟೆಕ್ನಿಷಿಯನ್ ಸದ್ದು ನಿಲ್ಲಿಸಿ ಮೈಕು ಒತ್ತಿದರು.

"ಹೇಳಿ, ಸರ್."

"ಇದು ಮೂರು ನಿಮಿಷ ಅಂದ್ರಿ."

"ಹೌದು."

"ನಾನು ಎಣಿಸ್ತಾ ಇದೀನಿ. ಮೂರೂವರೆ ಆಯ್ತು."

ಟೆಕ್ನಿಷಿಯನ್ ಪರದೆ ನೋಡಿದರು. ಒಂದು ಸಲ ತುಟಿ ಕಚ್ಚಿದರು.

"ನೀವು ಹೇಳಿದ್ದೇ ಸರಿ. ಇದು ನಾಲ್ಕೂ ಕಾಲು ನಿಮಿಷದ್ದು. ನಾನು ಸಾಲು ತಪ್ಪಿ ಓದಿದೆ. ಈಗ ಈ ಭಾಗ ಮೊದಲಿಂದ ಮಾಡ್ಬೇಕು. ಪೂರ್ತಿ ನಾಲ್ಕೂ ಕಾಲು. ಆಗುತ್ತಾ, ಇಲ್ಲ ತೆಗೀಲಾ?"

ಒಳಗಿಂದ ಉಸಿರಾಟ ಕೇಳಿಸಿತು. ಒಂದು, ಎರಡು, ಮೂರು. ನಾನೂ ಎಣಿಸಿದೆ.

"ಮಾಡಿ" ಎಂದರು ಮೆಕ್ಯಾನಿಕ್.

ಕೊನೆಯವರೆಗೂ ಗಂಟೆ ಮತ್ತೆ ಹೊಡೆಯಲಿಲ್ಲ.

೯

ಮಂಚ ಹೊರಗೆ ಬಂತು. ಪಂಜರ ತೆಗೆದರು. ಅವರ ಕೆನ್ನೆಯ ಮೇಲೆ ಹೆಡ್‌ಫೋನಿನ ಅಚ್ಚು ಬಿದ್ದಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಸೊಸೆ ಟವೆಲು ಕೊಟ್ಟಳು.

"ಆಯ್ತಲ್ಲ ಮಾವಾ" ಎಂದಳು.

"ಆಯ್ತು" ಎಂದರು. ಕೂತುಕೊಂಡು ಮುಖ ಒರೆಸಿ ಟವೆಲು ವಾಪಸ್ ಕೊಟ್ಟರು. ಆಮೇಲೆ, "ಜಗಳ ಆಡ್ಬಾರ್ದಿತ್ತು ನಾನು. ಅಷ್ಟು ಜನದ ಎದುರಿಗೆ" ಎಂದರು.

"ನಾನೂ ಕಿರುಚಿದೆನಲ್ಲ. ಬಿಡಿ." ಅವಳು ಟವೆಲನ್ನು ಬೇಕಾದ್ದಕ್ಕಿಂತ ಜಾಸ್ತಿ ಸಲ ಮಡಿಸಿದಳು.

ಈ ಅಧ್ಯಾಯವನ್ನು ಟೆಕ್ನಿಷಿಯನ್ ತಿದ್ದಲಿಲ್ಲ.

೧೦

ಈಗ ನೀವು ಕೇಳುತ್ತೀರಿ: ಪರದೆಯ ಮೇಲೆ ಏನಿತ್ತು?

ನಾನೂ ಕೇಳಿದೆ. ಟೆಕ್ನಿಷಿಯನ್ ದಿನಕ್ಕೆ ಹದಿನೈದು ತಲೆ ನೋಡುವವರು, ಹದಿನೇಳು ವರ್ಷದಿಂದ. ಅವರಿಗೆ ಕಂಡಿರಲೇಬೇಕು.

"ಅದನ್ನ ಹೇಳೋದು ನನ್ನ ಕೆಲಸ ಅಲ್ಲ" ಎಂದರು. "ಬರೆಯೋದು ನಿಮ್ಮ ಕೆಲಸವೂ ಅಲ್ಲ."

ಆದರೂ ಬರೆದೆ. ಅಭ್ಯಾಸ ಬಲ. ಮೂರು ಅಂತ್ಯ, ಬೆಂಚಿನ ಮೇಲೆ ಕೂತೇ:

ಅ) ಏನೂ ಇಲ್ಲ. ನರಕ್ಕೆ ಸೋಂಕಾಗಿತ್ತು. ಮಾತ್ರೆ ತೊಗೊಂಡು ಮೆಕ್ಯಾನಿಕ್ ನೆಟ್ಟಗೆ ನಡೆಯುತ್ತಾರೆ. (ಓದುಗರಿಗೆ ಮೋಸ ಹೋದೆವು ಅನ್ನಿಸುತ್ತದೆ. ಸೊಸೆಗೆ ಅನ್ನಿಸುವುದಿಲ್ಲ.)

ಆ) ಗಂಟು ಇದೆ, ಸಣ್ಣದು. ಆಪರೇಷನ್ ಆಗುತ್ತದೆ. ಬಲಗಿವಿ ಮರಳುವುದಿಲ್ಲ. ಮನೆಯಲ್ಲಿ ಎಲ್ಲರೂ ಅವರ ಎಡಗಡೆ ಕೂರುವುದನ್ನು ಕಲಿಯುತ್ತಾರೆ.

ಇ) ಇದನ್ನು ಬರೆಯಲು ಶುರು ಮಾಡಿ ಎರಡು ವಾಕ್ಯಕ್ಕೆ ನಿಲ್ಲಿಸಿದೆ. ಯಾಕೆಂದರೆ ಮೆಕ್ಯಾನಿಕ್ ಎದುರಿಗೆ ಬಂದು ಕೂತರು, ಬಟ್ಟೆ ಬದಲಾಯಿಸಿ, ತಲೆ ಬಾಚಿಕೊಂಡು.

"ನನ್ನ ಬಗ್ಗೆನೇ?"

"ಹೌದು."

ಹಾಳೆ ತೊಗೊಂಡು ಓದಿದರು. ಇ-ಯ ಎರಡೂ ವಾಕ್ಯ ಓದಿದರು. ಮುಖ ಬದಲಾಗಲಿಲ್ಲ. ವಾಪಸ್ ಕೊಡುತ್ತಾ, "ಇದೆಲ್ಲ ನಾನೂ ಯೋಚ್ನೆ ಮಾಡಿದೀನಿ. ನೀವು ಯೋಚ್ನೆ ಮಾಡೋ ಅಗತ್ಯ ಇಲ್ಲ" ಎಂದರು. ಬೈಗುಳದ ಹಾಗಿರಲಿಲ್ಲ. ಭಾರದ ಚೀಲವನ್ನು, ಇರಲಿ ಬಿಡಿ ನಾನೇ ಹಿಡ್ಕೋತೀನಿ, ಎಂದ ಹಾಗಿತ್ತು.

೧೧

ನಡುವೆ ಮ್ಯಾನೇಜರು ಬಂದರು. ಒಂಬತ್ತನೇ ವಾಕ್ಯ ಎಲ್ಲಿ ಎಂದರು.

"ಅಲ್ಲಿ ರೆಕಾರ್ಡಿಂಗ್ ಬೇಡ. ಟೆಕ್ನಿಷಿಯನ್ನೇ ಮಾತಾಡಲಿ, ಎಷ್ಟು ನಿಮಿಷ ಅಂತ" ಎಂದೆ.

"ಹದಿನಾಲ್ಕಕ್ಕೆ ಒಪ್ಪಿದ್ದು. ಹದಿಮೂರು ಕೊಟ್ಟಿದೀರಿ."

"ಹೌದು."

ಅವರು ಟೆಕ್ನಿಷಿಯನ್ ಕಡೆ ನೋಡಿದರು. ಟೆಕ್ನಿಷಿಯನ್ ಮುಂದಿನ ಕೇಸಿನ ಫಾರಂ ತುಂಬುತ್ತಾ, ತಲೆ ಎತ್ತದೆ, "ಮೂರನೇ ಸಲಕ್ಕೆ ಚಿತ್ರ ಬಂದಿದೆ, ಸರ್. ಒಂದೂ ಮಸುಕಿಲ್ಲ. ನೋಡಿ ಬೇಕಾದ್ರೆ" ಎಂದರು. ಮ್ಯಾನೇಜರು ನೋಡಲಿಲ್ಲ. "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಹೋದರು. ಇದನ್ನು ಬರೆಯುವವರೆಗೆ ಹೇಳಿಲ್ಲ.

೧೨

ವರದಿ ಬಂತು. ದೊಡ್ಡ ಬಿಳಿ ಲಕೋಟೆ. ಅಂಟು ಹಾಕಿರಲಿಲ್ಲ, ಮುಚ್ಚಳವನ್ನು ಒಳಗೆ ತೂರಿಸಿದ್ದರು ಅಷ್ಟೇ. ಸೊಸೆ ಸಹಿ ಮಾಡಿ ತೆಗೆದುಕೊಂಡಳು. ಮೆಕ್ಯಾನಿಕ್ ಎದ್ದು ನಿಂತರು, ನೆಲ ವಾಲಿತು, ಗೋಡೆ ಹಿಡಿದರು. ಅವರನ್ನು ಹಿಡಿಯಲು ಅವಳಿಗೆ ಎರಡೂ ಕೈ ಬೇಕಾಯಿತು. ಲಕೋಟೆಯನ್ನು ನನ್ನ ಕೈಗೆ ತುರುಕಿದಳು.

"ಒಂದ್ನಿಮಿಷ ಹಿಡ್ಕೊಳಿ."

ಹಿಡಿದುಕೊಂಡೆ. ಅವಳು ಅವರನ್ನು ಬೆಂಚಿಗೆ ಕೂರಿಸಿ, ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಸಿ, ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದಳು.

ಓದುಗರೇ, ಲಕೋಟೆ ಹಗುರವಿತ್ತು. ಮುಚ್ಚಳ ಹೆಬ್ಬೆರಳಿಗೆ ತಾಗುತ್ತಿತ್ತು. ವರದಿಯ ಕೊನೆಯ ಸಾಲು ಓದಿದರೆ ಸಾಕು, ಅನುವಾದ ನನ್ನ ಕಸುಬೇ. ಅ, ಆ, ಇ ಮೂರರಲ್ಲಿ ಎರಡಕ್ಕೆ ಅಡ್ಡಗೆರೆ ಎಳೆದು, ಈ ಕಥೆಗೊಂದು ಅಂತ್ಯ ಕೊಟ್ಟು, ನಿಮ್ಮನ್ನೂ ಮನೆಗೆ ಕಳಿಸಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಮೆಕ್ಯಾನಿಕ್ ಮಾತ್ರ ನೋಡುತ್ತಿದ್ದರು. ಲಕೋಟೆಯನ್ನಲ್ಲ, ನನ್ನನ್ನು.

ಲೇಸು ಕಟ್ಟಿ ಮುಗಿಯಿತು. ವಾಪಸ್ ಕೊಟ್ಟೆ.

"ಥ್ಯಾಂಕ್ಸ್" ಎಂದಳು ಸೊಸೆ, ಲಕೋಟೆಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆಯುತ್ತಾ. "ಡಾಕ್ಟರು ಐದೂವರೆಗೆ ಬನ್ನಿ ಅಂದಿದಾರೆ. ನಡೀರಿ ಮಾವಾ, ನಿಧಾನ."

ಅವರು ಕಾರಿಡಾರಿನಲ್ಲಿ ನಡೆದು ಹೋದರು. ಮಾವ ಗೋಡೆಯ ಕಡೆ, ಸೊಸೆ ಅವರ ಎಡಕ್ಕೆ, ಅವಳೇನೋ ಹೇಳುತ್ತಿದ್ದಳು, ಅವರು ತಲೆಯಾಡಿಸುತ್ತಿದ್ದರು. ತಿರುವಿನಲ್ಲಿ ಮರೆಯಾದರು.

ಈಗ ಗಂಟೆ ನಾಲ್ಕೂ ಇಪ್ಪತ್ತು. ಐದೂವರೆಗೆ ಇನ್ನೂ ಎಪ್ಪತ್ತು ನಿಮಿಷ.